ಕಬ್ಬಿಣ ತಾಗದ ಒಗರು

ದುರುಗವ್ವನಿಗೆ ರುಚಿ ತಿಳಿಯುವುದಿಲ್ಲ. ಉಪ್ಪು, ಹುಳಿ, ಸಿಹಿ, ಕಹಿ ನಾಲ್ಕೂ ಆಕೆಯ ನಾಲಿಗೆ ಬಿಟ್ಟು ಹೋಗಿವೆ. ಇಪ್ಪತ್ತು ವರ್ಷದಿಂದ ದಿನಕ್ಕೆ ಹತ್ತಾರು ಸಲ ಅಳಲೆಕಾಯಿ ಚಿಪ್ಪಿನ ಪುಡಿಯನ್ನು ನಾಲಿಗೆಗೆ ಹಚ್ಚಿ ನೋಡಿ ಉಗುಳಿದ್ದರ ಫಲ. ಒಗರು ಮಾತ್ರ ಉಳಿದಿದೆ. ಅದು ರುಚಿಯಲ್ಲ, ಬಾಯಿಯನ್ನು ಹಿಡಿದು ಬಿಗಿಯುವ ಗುಣ, ಆದ್ದರಿಂದ ಉಳಿದಿದೆ.

"ನಮ್ಮನ್ಯಾಗ ಸಾರಿಗೆ ಉಪ್ಪು ಹಾಕೋದು ನಾನ್ರಿ" ಎನ್ನುತ್ತಾನೆ ಗಂಡ ಉಚ್ಚೆಂಗಪ್ಪ. "ಇಕಿ ಕೈಯಾಗ ಕೊಟ್ರ ಒಂದಿನ ಸಮುದ್ರ, ಒಂದಿನ ಹೊಳಿ."

ಕಂಪ್ಲಿಯ ಹೊಳೆದಂಡೆಯ ಅಂಬಿಗರ ಕೇರಿಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ನೆರೆಯ ಮುದುಕಮ್ಮನ ಅಂಗಳದಿಂದ ಬೀಸುಕಲ್ಲಿನ ಸದ್ದು ಬರುತ್ತಿದೆ. ಜೋಳ ಬೀಸುವ ಸದ್ದಲ್ಲ ಅದು. ಜೋಳದ ಸದ್ದಿಗೆ ಭಾರ ಇರುತ್ತದೆ. ಇದು ಹಗುರ, ಒಣ ಗುಂಡುಕಲ್ಲುಗಳು ಒಂದರ ಮೇಲೊಂದು ಉರುಳಿದ ಹಾಗೆ. ದುರುಗವ್ವ ಒಂದು ಕಾಲು ಚಾಚಿ, ಒಂದು ಕಾಲು ಮಡಚಿ ಕೂತಿದ್ದಾಳೆ. ಎಡಗಡೆ ಬುಟ್ಟಿ ತುಂಬ ಚಿಪ್ಪು. ಬಲಗೈ ಗೂಟ ತಿರುಗಿಸುತ್ತದೆ, ಎಡಗೈ ನಾಲ್ಕು ಸುತ್ತಿಗೊಮ್ಮೆ ಒಂದು ಹಿಡಿ ಹಾಕುತ್ತದೆ. ನಡುವೆ ಎಲ್ಲೋ 'ಟಕ್' ಎಂದು ಸಣ್ಣ ಸದ್ದಾಗುತ್ತದೆ. ಕೈ ನಿಲ್ಲುತ್ತದೆ. ಮೇಲಿನ ಕಲ್ಲು ಎತ್ತಿ, ಒಡೆದ ಒಂದು ಚಿಪ್ಪನ್ನು ಹುಡುಕಿ ತೆಗೆದು, ಅದರ ಸುತ್ತಲಿನ ಪುಡಿಯನ್ನೂ ಸೀರೆಯ ಸೆರಗಿನಿಂದ ಒರೆಸಿ ಆಚೆ ಎಸೆಯುತ್ತಾಳೆ. ಮತ್ತೆ ಕಲ್ಲು ಇಟ್ಟು ಬೀಸುತ್ತಾಳೆ.

"ಒಂದು ಒಡದ್ರ ಏನಾಗ್ತದ ಅಂತೀರಿ. ಒಂದರ ಎಣ್ಣಿ ಸೇರಿನ ಪುಡಿ ಕೆಡಿಸ್ತದ್ರಿ" ಎನ್ನುತ್ತಾಳೆ.

ಈ ಬೇಸಿಗೆ ಬೀಸಲು ಕೂತು ಇದು ಇಪ್ಪತ್ತಮೂರನೆಯ ದಿನ. ಇಂದಿನ ಪುಡಿ ಇಪ್ಪತ್ತಮೂರನೆಯ ಬಲೆಗೆ. ಹೊಳೆಗೆ ಹೊಸ ನೀರು ಬರುವುದರೊಳಗೆ ಮೂವತ್ತೆಂಟು ಬಲೆ ಒಗರು ಕುಡಿದು ಒಣಗಬೇಕು. ಆಗದಿದ್ದರೆ ಈ ಕೇರಿಯ ನಲವತ್ತನಾಲ್ಕು ಮನೆಗಳು ಎರಡನೆಯ ವರ್ಷವೂ ಆರು ಬಲೆಯಲ್ಲಿ ಬದುಕಬೇಕು. ಹೋದ ವರ್ಷ ಹಾಗೆ ಬದುಕಿದ್ದಾರೆ.

ಅಳಲೆಕಾಯಿ ಸಂಡೂರಿನ ಗುಡ್ಡಗಳಿಂದ ಬರುತ್ತದೆ. ಗುತ್ತಿಗೆದಾರರು ಅದನ್ನು ಹೊಸಪೇಟೆಯ ಸ್ಟೇಷನ್ ಬಳಿಯ ಮಂಡಿಗೆ ತಂದು ಒಣಗಿಸುತ್ತಾರೆ. ಅಲ್ಲಿ ಹೆಂಗಸರು ಸಾಲಾಗಿ ಕೂತು ಕಾಯಿ ಜಜ್ಜಿ ಮೇಲಿನ ಸಿಪ್ಪೆ ಬಿಡಿಸುತ್ತಾರೆ. ಸಿಪ್ಪೆ ಚೀಲ ತುಂಬಿ ರೈಲು ಹತ್ತಿ ಚರ್ಮ ಹದ ಮಾಡುವ ಕಾರ್ಖಾನೆಗಳಿಗೆ ಹೋಗುತ್ತದೆ. ಒಳಗಿನ ಗಟ್ಟಿ ಚಿಪ್ಪು ಕಸ. ಸುಣ್ಣದ ಗೂಡಿನವರು ಉರಿಸಲು ಒಯ್ಯುತ್ತಾರೆ. ಆ ಚಿಪ್ಪಿನ ಮೈಗೆ ಉಗುರಿಗೂ ಬಿಡದ ಹಾಗೆ ಸಿಪ್ಪೆಯ ಒಂದು ಪದರ ಅಂಟಿಕೊಂಡಿರುತ್ತದೆ. ದುರುಗವ್ವನಿಗೆ ಬೇಕಾದದ್ದು ಆ ಪದರ. ಕಂಪ್ಲಿಯಿಂದ ಹೊಸಪೇಟೆಗೆ ಅಕ್ಕಿ ಒಯ್ದ ಬಂಡಿಗಳು ಬರಿದಾಗಿ ಮರಳುವಾಗ ಚಿಪ್ಪಿನ ಚೀಲ ಹೇರಿಕೊಂಡು ಬರುತ್ತವೆ. ಮಂಡಿಯ ಕಾವಲುಗಾರನಿಗೆ ವರ್ಷಕ್ಕೆರಡು ಸಲ ಒಣಮೀನು ಹೋಗುತ್ತದೆ.

ದುರುಗವ್ವ ಹುಟ್ಟಿದ್ದು ಸಂಡೂರಿನ ಗುಡ್ಡದ ಕೆಳಗಿನ ಒಂದು ಹಳ್ಳಿಯಲ್ಲಿ. ಕಾಯಿ ಜಜ್ಜಲು ತಾಯಿಯ ಜೊತೆ ಹೊಸಪೇಟೆಗೆ ಬಂದಾಗ ಆಕೆಗೆ ಹಲ್ಲು ಬೀಳುವ ವಯಸ್ಸು. ಹತ್ತು ವರ್ಷ ಜಜ್ಜಿದಳು. ಬಲೆ ಹೆಣೆಯುವ ಉಚ್ಚೆಂಗಪ್ಪನ ಕೈಹಿಡಿದು ಕಂಪ್ಲಿಗೆ ಬಂದು ಮೂವತ್ತು ವರ್ಷವಾಯಿತು. ಈಗ ಐವತ್ತರ ಆಚೆ ಈಚೆ. ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದಾರೆ. ಓದಿಲ್ಲ.

ನೀರಿನಲ್ಲಿರುವ ಹತ್ತಿ ನೂಲು ಕೊಳೆಯುತ್ತದೆ. ಒಗರು ಕುಡಿದ ನೂಲು ಬೇಗ ಕೊಳೆಯುವುದಿಲ್ಲ. ತೊಗಲು ಹದವಾಗುವುದೂ ಇದರಿಂದಲೇ, ಬಲೆ ಬಾಳುವುದೂ ಇದರಿಂದಲೇ. ಮೊದಲು ಕೇರಿಯ ಹೆಚ್ಚಿನ ಮನೆಗಳವರು ತಂಗಡಿ ಗಿಡದ ತೊಗಟೆ ಕುದಿಸಿ ಬಲೆ ಅದ್ದುತ್ತಿದ್ದರು. ದುರುಗವ್ವ ತನ್ನ ಮನೆಗೂ ಅಕ್ಕಪಕ್ಕದ ನಾಲ್ಕೈದು ಮನೆಗೂ ಅಳಲೆ ಚಿಪ್ಪು ಬೀಸುತ್ತಿದ್ದಳು. ಮಹಾಯುದ್ಧ ಬಂತು. ಸಿಪಾಯಿಗಳ ಬೂಟಿಗೆ ತೊಗಲು ಬೇಕಾಯಿತು, ತೊಗಲಿಗೆ ತೊಗಟೆ ಬೇಕಾಯಿತು. ಹಳ್ಳಿಹಳ್ಳಿಯ ತಂಗಡಿ ಗಿಡ ಬುಡದವರೆಗೆ ಸುಲಿದು ಹೋಯಿತು. ಕೇರಿಗೆ ಉಳಿದದ್ದು ಹೊಸಪೇಟೆಯ ಕಸ, ಅದನ್ನು ಬೀಸಬಲ್ಲ ಒಬ್ಬ ಹೆಂಗಸು.

ಚರ್ಮ ಹದ ಮಾಡುವ ವಿದ್ಯೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಈ ಒಗರಿಗೆ ಟ್ಯಾನಿನ್ ಎಂದು ಹೆಸರು. ಅವು ಹೊಸಪೇಟೆಯಲ್ಲೂ ಓದಲು ಸಿಗುತ್ತವೆ. ಯಾವ ಕಾಯಿಯಲ್ಲಿ ಎಷ್ಟು ಪಾಲು ಇದೆ ಎಂದು ಪಟ್ಟಿ ಇರುತ್ತದೆ. ಬೀಸುವ ವಿಷಯಕ್ಕೆ ಬಂದಾಗ ನುಣ್ಣಗೆ ಪುಡಿ ಮಾಡಬೇಕು ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ಆ ಸಾಲನ್ನು ದುರುಗವ್ವನಿಗೆ ಓದಿ ಹೇಳಿದರೆ ಆಕೆ ನಗುವುದೂ ಇಲ್ಲ.

"ಬರದೋರು ಬೀಸಿಲ್ಲ ಬಿಡ್ರಿ" ಎನ್ನುತ್ತಾಳೆ.

ಆಕೆ ಬೀಸುವ ಕ್ರಮ ಹೀಗಿದೆ. ಕೆಳಗಿನ ಕಲ್ಲಿನ ನಡುವಿನ ಮರದ ಗೂಟದ ಬುಡಕ್ಕೆ ಹಳೆಯ ಬಲೆಯ ಚಿಂದಿ ಸುತ್ತುತ್ತಾಳೆ. ಅದರಿಂದ ಮೇಲಿನ ಕಲ್ಲು ಕೆಳಗಿನ ಕಲ್ಲಿಗೆ ತಾಗದೆ, ಕಡಲೆಕಾಳಿಗಿಂತ ತುಸು ಹೆಚ್ಚು ಎತ್ತರದಲ್ಲಿ ನಿಲ್ಲುತ್ತದೆ. ಆ ಸಂದಿನಲ್ಲಿ ಚಿಪ್ಪು ಉರುಳಬೇಕು, ಮೈ ಉಜ್ಜಿಕೊಳ್ಳಬೇಕು, ಒಡೆಯಬಾರದು. ಒಡೆದರೆ ಒಳಗಿನ ಬೀಜದ ಎಣ್ಣೆ ಪುಡಿಗೆ ಬರುತ್ತದೆ. ಎಣ್ಣೆ ಕೂತ ನೂಲು ಒಗರು ಕುಡಿಯುವುದಿಲ್ಲ. ಪುಡಿ ರವೆಯಷ್ಟು ದಪ್ಪ ಇರಬೇಕು. ಅದಕ್ಕಿಂತ ದಪ್ಪವಾದರೆ ಒಗರು ಪುಡಿಯಲ್ಲೇ ಉಳಿಯುತ್ತದೆ; ಹಿಟ್ಟಿನಷ್ಟು ನುಣ್ಣಗಾದರೆ ಬಾನಿಯ ತಳದಲ್ಲಿ ಅಂಬಲಿಯ ಹಾಗೆ ಕೂತು ನೀರನ್ನೇ ಬಿಡುವುದಿಲ್ಲ. ಕಲ್ಲು ಬಿಸಿಯಾಗಬಾರದು, ಆದ್ದರಿಂದ ಬಿಸಿಲೇರುವ ಮೊದಲೇ ಮುಗಿಸುತ್ತಾಳೆ. ದಿನಕ್ಕೆ ಮೂರು ಸೇರು ಪುಡಿ. ಒಂದು ಬಲೆಗೆ ಮೂರು ಸೇರು. ಮಣ್ಣಿನ ಬಾನಿಯಲ್ಲಿ ಪುಡಿ ಮೂರು ದಿನ ನೆನೆಯುತ್ತದೆ, ಸೋಸಿದ ನೀರಿನಲ್ಲಿ ಬಲೆ ಎರಡು ದಿನ. ನೆರಳಿನಲ್ಲಿ ಒಣಗಿಸಿ ಮತ್ತೊಮ್ಮೆ. ಹೊರಗೆ ಬಂದ ಬಲೆಯ ಬಣ್ಣ ಹಳೆಯ ಬೆಲ್ಲದ ಬಣ್ಣ.

ಹಿಡಿ ಪುಡಿ ಆದಾಗಲೆಲ್ಲ ಒಂದು ಚಿಟಿಕೆ ನಾಲಿಗೆಗೆ ಹೋಗುತ್ತದೆ. "ಬಾಯಿ ಬಿಗೀಬೇಕು. ಬಿಗೀದ ಜಾರಿತಂದ್ರ ಎಣ್ಣಿ ಬಿಟ್ಟೈತಿ ಅಂತ ಲೆಕ್ಕ."

ಈ ಬೀಸುಕಲ್ಲು ಆಕೆಯದಲ್ಲ. ಮುದುಕಮ್ಮನದು. ಹಂಪಿಯ ಕಡೆಯ ಕಲ್ಲುಕುಟಿಗರು ಬೂದು ಬಂಡೆಯಲ್ಲಿ ಕಡಿದದ್ದು. ಮುದುಕಮ್ಮನಿಗೆ ಎಪ್ಪತ್ತು ದಾಟಿದೆ, ಕಣ್ಣು ಮಂಜು, ಬಾಯಿ ಚುರುಕು. ದುರುಗವ್ವ ಬೀಸುವಾಗ ಕಟ್ಟೆಯ ಮೇಲೆ ಕೂತು ಕೇಳುತ್ತಿರುತ್ತಾಳೆ.

"ಲೇ ದುರುಗಿ, ನನ್ನ ಕಲ್ಲು ಸವದು ಸಾಸರ್ ಆಗೈತಿ. ನಾ ಸತ್ರ ಮ್ಯಾಲೆ ಇಡಾಕ ಒಂದು ಕಲ್ಲಾರ ಉಳಸಲೇ."

"ನೀ ಸಾಯೋದರಾಗ ಹೊಸಾದು ತರಸ್ತೀನಿ ತಗಾ."

"ಹಂಗಾದ್ರ ನಾ ಸಾಯಂಗಿಲ್ಲ ಬಿಡು."

ದುರುಗವ್ವನ ಸ್ವಂತ ಬೀಸುಕಲ್ಲು ಆಕೆಯ ಮನೆಯ ಬಚ್ಚಲಲ್ಲಿದೆ. ಮೇಲಿನ ಭಾಗದ ಮೇಲೆ ಬಟ್ಟೆ ಒಗೆಯುತ್ತಾಳೆ, ಕೆಳಗಿನದು ಮೆಟ್ಟಿಲು. ತವರಿನಿಂದ ತಂದ ಕಲ್ಲು ಅದು, ಸಂಡೂರಿನ ಗುಡ್ಡದ್ದು, ಕೆಂಪುಗಪ್ಪು, ಗಾತ್ರಕ್ಕೆ ಮೀರಿದ ಭಾರ. ಮೊದಲ ವರ್ಷ ಚಿಪ್ಪು ಬೀಸಿದ್ದು ಅದರ ಮೇಲೆಯೇ. ಬಾನಿಯ ನೀರು ಎರಡನೆಯ ದಿನ ಬೂದಿ ಬಣ್ಣಕ್ಕೆ, ಮೂರನೆಯ ದಿನ ಕಪ್ಪಿಗೆ ತಿರುಗಿತು. ಉಚ್ಚೆಂಗಪ್ಪ ಕುಣಿದಾಡಿದ. ಕೇರಿಯಲ್ಲಿ ಅಷ್ಟು ಕಪ್ಪು ಬಲೆ ಯಾರದೂ ಇರಲಿಲ್ಲ. ಮುಂದಿನ ಬೇಸಿಗೆಗೆ ಬಲೆ ಬಿಚ್ಚಿ ನೋಡಿದರೆ ಬೆರಳು ಇಟ್ಟಲ್ಲಿ ಬೂದಿಯ ಹಾಗೆ ಉದುರಿತು.

ಅಳಲೆಕಾಯಿಯ ನೀರಿಗೆ ಕಬ್ಬಿಣದ ಮೊಳೆ ಹಾಕಿಟ್ಟರೆ ಮಸಿಯಾಗುತ್ತದೆ. ಶಾಲೆಗೆ ಹೋದ ಯಾರಿಗಾದರೂ ಇದು ಗೊತ್ತು. ಹಳೆಯ ಕಾಗದಪತ್ರ ಬಿಚ್ಚಿದವರಿಗೆ ಇನ್ನೊಂದು ವಿಷಯವೂ ಗೊತ್ತಿರುತ್ತದೆ: ಆ ಮಸಿ ದಪ್ಪಗೆ ಬಿದ್ದ ಕಡೆ ಕಾಗದ ಅಕ್ಷರದ ಆಕಾರಕ್ಕೇ ತೂತು ಬಿದ್ದಿರುತ್ತದೆ. ದುರುಗವ್ವ ಕಾಗದ ನೋಡಿದವಳಲ್ಲ. ಮಂಡಿಯ ಪಕ್ಕದ ಶಾಲೆಯ ಮಾಸ್ತರರು ಚಿಪ್ಪು ಕೇಳಿ ಒಯ್ದು ಮಸಿ ಮಾಡುತ್ತಿದ್ದದ್ದನ್ನು ನೋಡಿದ್ದಳು. ಅಷ್ಟು ಸಾಕಾಯಿತು.

"ಸೊಂಡೂರು ಕಲ್ಲಾಗ ಕಬ್ಬಣ ಐತ್ರಿ. ಇಲ್ಲಂದ್ರ ಆ ಗುಡ್ಡ ಸುಮ್ಮನ ಅಗೀತಾರೇನು? ನನ್ನ ತವರಿನ ಕಲ್ಲು ನನ್ನ ಗಂಡನ ಬಲಿ ತಿಂತು. ಅವತ್ತಿಂದ ಅದಕ ಬಟ್ಟಿ ಒಗಿಯೋ ಕೆಲಸ."

ಕೇರಿಯಲ್ಲಿ ಒಂದು ಪದ್ಧತಿ ಇದೆ. ಹೊಸ ನೀರು ಬರುವ ಮುಂಚಿನ ವಾರ ಎಲ್ಲ ಮನೆಗಳ ಬಲೆಯನ್ನೂ ದಂಡೆಯ ಮೇಲೆ ಸಾಲಾಗಿ ಹಾಸುತ್ತಾರೆ. ಹಿರಿಯರು ನಡೆದು ನೋಡುತ್ತಾರೆ. ಯಾರ ಬಲೆ ಎಲ್ಲಕ್ಕಿಂತ ಗಾಢವಾಗಿದೆಯೋ ಅವರು ಆ ವರ್ಷ ಮಡುವಿಗೆ ಮೊದಲ ಬಲೆ ಬೀಸುತ್ತಾರೆ. ಗಾಢ ಬಣ್ಣ ಎಂದರೆ ಹೆಚ್ಚು ಸಲ ಒಗರು ಕುಡಿದದ್ದು, ಹೆಚ್ಚು ದುಡಿದ ಮನೆ ಎಂಬ ಎಣಿಕೆ. ತಂಗಡಿ ತೊಗಟೆಯ ಕಾಲಕ್ಕೆ ಈ ಎಣಿಕೆ ಸರಿಯಾಗಿಯೇ ಇತ್ತು. ತೊಗಟೆ ಹೋಯಿತು, ಎಣಿಕೆ ಉಳಿಯಿತು.

ಹೋದ ವರ್ಷದ ಬೇಸಿಗೆ. ಊರಿನ ಕೊಟ್ರಯ್ಯನ ಗಿರಣಿ ಎಣ್ಣೆ ಎಂಜಿನ್ನಿನದು. ಒಳಗೆ ಎರಡು ಕಬ್ಬಿಣದ ತಟ್ಟೆಗಳು ಒಂದಕ್ಕೊಂದು ತಿಕ್ಕಿ ತಿರುಗುತ್ತವೆ. ಮೆಣಸಿನಕಾಯಿ, ದನದ ಹಿಂಡಿ ಬೀಸುವ ಗಿರಣಿ. ಕೇರಿಯ ಮುಖಂಡ ಮರಿಸ್ವಾಮಿ ಒಂದು ಚೀಲ ಚಿಪ್ಪು ಹೊತ್ತು ಅಲ್ಲಿಗೆ ಹೋದ. ಬೀಡಿ ಸೇದಿ ಮುಗಿಯುವುದರೊಳಗೆ ಚೀಲ ಪುಡಿಯಾಗಿ ಬಂತು. ದುರುಗವ್ವನಿಗೆ ಅಷ್ಟು ಪುಡಿ ಮಾಡಲು ಹನ್ನೆರಡು ದಿನ ಬೇಕು. ಆ ಪುಡಿ ನೆನೆಹಾಕಿದ ನೀರು ಮಾರನೆಯ ಬೆಳಗ್ಗೆಗೆ ಕಾಡಿಗೆಯಾಗಿತ್ತು. ಅದ್ದಿದ ಬಲೆ ಕಾಗೆಯ ಬಣ್ಣ.

ಮರಿಸ್ವಾಮಿ ಉಚ್ಚೆಂಗಪ್ಪನಿಗೆ ದೂರದ ತಮ್ಮನಾಗಬೇಕು. ದುರುಗವ್ವನನ್ನು ಅತ್ತಿಗೆ ಎನ್ನುತ್ತಾನೆ. ಬಲೆ ಹೊತ್ತುಕೊಂಡು ಆಕೆಯ ಮನೆಯ ಮುಂದೆಯೇ ಬಂದು ಬಿಚ್ಚಿದ.

"ನೋಡ್ರಿ ಅತ್ತಿಗಿ, ಹೆಂಗೈತಿ ಬಣ್ಣ? ಮಸ್ತ್ ಆಗೈತೋ ಇಲ್ಲೋ?"

ದುರುಗವ್ವ ಬಣ್ಣ ನೋಡಲಿಲ್ಲ. ಅಂಚಿನ ಒಂದು ನೂಲು ಹಿಡಿದು ಉಲ್ಟಾ ಹೊಸೆದು ಹುರಿ ಬಿಚ್ಚಿದಳು. ಹೊರಗೆ ಕಪ್ಪು. ಒಳಗಿನ ಎಳೆ ಹಾಲಿನಂತೆ ಬಿಳಿ.

"ಮೈದುನಾ, ಇದು ಒಗರು ಕುಡದಿಲ್ಲ. ಮ್ಯಾಲೆ ಮಸಿ ಬಳಕೊಂಡೈತಿ. ಒಳಗ ಹಸಿ ನೂಲು ಹಂಗ ಐತಿ."

"ಒಳಗಿಂದು ಮೀನಿಗೆ ಕಾಣ್ತದೇನ್ರಿ?"

ನಿಂತವರೆಲ್ಲ ನಕ್ಕರು. ಯಾರೋ ಹಿಂದಿನಿಂದ, "ಗಿರಣಿ ಬಂತಲ್ಲ, ಬೀಸೋರ ಹೊಟ್ಟಿ ಉರೀತದ" ಎಂದರು. ದುರುಗವ್ವ ಹೇಳಿದ್ದು ಇಷ್ಟು: "ಚಿಪ್ಪು ಅದ ಚಿಪ್ಪು. ಹೊಳಿ ನೀರು ಅದ ನೀರು. ಬಾನಿ ಅದ ಬಾನಿ. ಬೀಸಿದ್ದು ಬ್ಯಾರೆ. ಬಣ್ಣ ಯಾಕ ಬ್ಯಾರೆ ಆತು ಅಂತ ಒಬ್ಬರಾರ ಕೇಳ್ರೋ."

ಯಾರೂ ಕೇಳಲಿಲ್ಲ. ಹತ್ತು ದಿನದಲ್ಲಿ ಮೂವತ್ತೆಂಟು ಮನೆಗಳ ಬಲೆ ಗಿರಣಿಯ ಪುಡಿಯಲ್ಲಿ ಮುಳುಗಿ ಎದ್ದವು. ದುರುಗವ್ವನ ಪುಡಿಗೆ ಉಳಿದದ್ದು ಆರು. ಅದರಲ್ಲಿ ಒಂದು ಆಕೆಯದೇ, ಒಂದು ಮುದುಕಮ್ಮನ ಮಗನದು.

ಬಲೆಯ ವಿಷಯದಲ್ಲಿ ಆಕೆ ಸೋತಳು. ಇದನ್ನು ಆಕೆ ಮುಚ್ಚಿಡುವುದಿಲ್ಲ. "ನಲವತ್ತು ಗಂಡಸರು ಕಣ್ಣಿದ್ದು ನೋಡಲಿಲ್ಲ, ನಾ ಏನು ಮಾಡಲಿ" ಎನ್ನುತ್ತಾಳೆ. ಆದರೆ ಬಲೆ ಮುಗಿದ ಮೇಲೆ ಬಾನಿಗಳಲ್ಲಿ ಕಪ್ಪು ನೀರು ಉಳಿದಿತ್ತು. ಸುಮ್ಮನೆ ಚೆಲ್ಲುವುದೇಕೆ ಎಂದು ಹರಿಗೋಲಿನ ಹಗ್ಗಗಳನ್ನೂ ಅದ್ದೋಣ ಎಂದುಕೊಂಡರು. ಪುಂಡಿ ನಾರಿನ ಹಗ್ಗ. ನಡುಹೊಳೆಯಲ್ಲಿ ಬಂಡೆಗೆ ಕಟ್ಟಿ ಹರಿಗೋಲನ್ನು ಹಿಡಿದು ನಿಲ್ಲಿಸುವುದು ಅದೊಂದೇ. ಕೇರಿಯಲ್ಲಿ ಹದಿನಾರು ಹರಿಗೋಲು, ಹದಿನಾರು ಹಗ್ಗ. ಬೆಳಗ್ಗೆ ಹದಿನೈದು ಹಗ್ಗ ಬಾನಿಯ ಪಕ್ಕ ರಾಶಿ ಬಿದ್ದಿದ್ದವು. ಮರಿಸ್ವಾಮಿ ತನ್ನದನ್ನು ಹಿಂದಿನ ಸಂಜೆಯೇ ಅದ್ದಿದ್ದ.

ದುರುಗವ್ವ ಹೋಗಿ ರಾಶಿಯ ಮೇಲೆ ಕೂತಳು.

"ಏಳ್ರಿ ಅತ್ತಿಗಿ, ಹೊತ್ತಾತು" ಎಂದ ಮರಿಸ್ವಾಮಿ.

"ಏಳಂಗಿಲ್ಲ."

"ಇದೇನು ಸಣ್ಣ ಹುಡುಗರಂಗ."

"ಬಲಿ ಹೋದ್ರ ಮೀನು ಹೋಗ್ತಾವು. ಹಗ್ಗ ಹೋದ್ರ ಮನಷ್ಯಾ ಹೋಗ್ತಾನ. ಬಲಿಗೆ ನಾ ಅಡ್ಡ ಬರಲಿಲ್ಲ. ಹಗ್ಗ ಮುಟ್ಟಿದ್ರ ನನ್ನನ್ನೂ ಬಾನಿಗೆ ಹಾಕ್ರಿ."

ಬಿಸಿಲು ಏರಿತು. ಜನ ಸೇರಿದರು. ಮರಿಸ್ವಾಮಿ ಸಿಟ್ಟಾಗಿ ಉಚ್ಚೆಂಗಪ್ಪನ ಕಡೆ ತಿರುಗಿ, "ಅಣ್ಣಾ, ನಿನ್ನ ಹೇಣ್ತಿನ್ನ ಎಬ್ಬಸು" ಎಂದ. ಉಚ್ಚೆಂಗಪ್ಪ ಬಲೆಯ ಗಂಟು ಹಾಕುವುದನ್ನು ನಿಲ್ಲಿಸಲಿಲ್ಲ. "ಮೂವತ್ತು ವರ್ಷದಾಗ ನಾ ಒಮ್ಮಿನೂ ಎಬ್ಬಿಸಿಲ್ಲಪಾ. ನಿನ್ನ ಕೈಲಾದ್ರ ಎಬ್ಬಸು" ಎಂದ.

ಮಧ್ಯಾಹ್ನದ ಊಟದ ಹೊತ್ತಿಗೆ ಹಗ್ಗದ ಒಡೆಯರು ಒಬ್ಬೊಬ್ಬರೇ ಬಂದು ತಮ್ಮ ಹಗ್ಗ ಆಕೆಯ ಕೆಳಗಿನಿಂದ ಎಳೆದುಕೊಂಡು ಮನೆಗೆ ಹೋದರು. ಕೆಲವರು ಬೈದು ಹೋದರು. ಹದಿನೈದೂ ಹೋದ ಮೇಲೆ ಆಕೆ ಎದ್ದಳು. ಬಾನಿಯ ಕಪ್ಪು ನೀರನ್ನು ದಂಡೆಗೆ ಚೆಲ್ಲಿದರು. ಆ ಜಾಗದ ಮರಳು ಹೊಸ ನೀರು ಬರುವವರೆಗೂ ಕಪ್ಪಾಗಿಯೇ ಇತ್ತು.

ಆ ವರ್ಷ ಮೊದಲ ಬಲೆ ಬೀಸಿದವನು ಮರಿಸ್ವಾಮಿ. ದಂಡೆಯ ಮೇಲೆ ಹಾಸಿದಾಗ ದುರುಗವ್ವನ ಮನೆಯ ಬೆಲ್ಲದ ಬಣ್ಣದ ಬಲೆಯನ್ನು ಹಿರಿಯರು ದಾಟಿ ಮುಂದೆ ಹೋದರು. ಮೊದಲ ತಿಂಗಳು ಚೆನ್ನಾಗಿಯೇ ನಡೆಯಿತು. ಬಲೆ ನೀರಿನಲ್ಲಿ ನೆನೆದು ಬಿಸಿಲಿಗೆ ಒಣಗಿ, ಮತ್ತೆ ನೆನೆದು ಒಣಗಿ, ಎರಡನೆಯ ತಿಂಗಳಿಗೆ ಗಂಟಿನ ಪಕ್ಕದ ನೂಲು ಬಿಡತೊಡಗಿತು. ಗಂಟು ಹಾಕಿ ಸರಿ ಮಾಡಿದರು. ಹೊಸ ಗಂಟಿನ ಪಕ್ಕ ಮತ್ತೆ ಬಿಟ್ಟಿತು. ಮೂರನೆಯ ತಿಂಗಳು ಬಲೆ ಎಳೆದರೆ ಮೀನಿನ ಭಾರಕ್ಕೇ ಹರಿಯುತ್ತಿತ್ತು. ದಸರೆಗೆ ಮೂವತ್ತೆಂಟೂ ಮುಗಿದವು. ಹೊಸ ನೂಲು ಸರ್ಕಾರದ ಕಂಟ್ರೋಲಿನಲ್ಲಿತ್ತು, ಅಂಗಡಿಯಲ್ಲಿ ಸಿಗುವಂತಿರಲಿಲ್ಲ.

ಮರಿಸ್ವಾಮಿಯ ಹಗ್ಗ ಅದಕ್ಕೂ ಮೊದಲೇ, ತುಂಬು ಹೊಳೆಯಲ್ಲಿ, ಹಾಡಹಗಲು ತುಂಡಾಯಿತು. ಹರಿಗೋಲು ತಿರುಗುತ್ತ ಕೆಳಗಿನ ಬಂಡೆಗೆ ಬಡಿದು ಹೋಯಿತು. ಅವನು ಈಜಿ ದಡ ಸೇರಿದ. ಹಗ್ಗದ ತುಂಡು ಅವನ ಕೈಯಲ್ಲೇ ಇತ್ತು. ಒದ್ದೆ ಬಟ್ಟೆಯಲ್ಲಿ ನೇರವಾಗಿ ದುರುಗವ್ವನ ಮನೆಗೆ ಬಂದು ಆ ತುಂಡನ್ನು ಹೊಸ್ತಿಲ ಮೇಲಿಟ್ಟ ಎಂದು ಉಚ್ಚೆಂಗಪ್ಪ ಹೇಳುತ್ತಾನೆ.

"ಏನಂದೆ ಅವತ್ತು?" ಎಂದು ಮರಿಸ್ವಾಮಿಯನ್ನೇ ಕೇಳಿದರೆ ಅವನು ತಲೆ ಕೆರೆದುಕೊಳ್ಳುತ್ತಾನೆ. "ಏನಂತೀನ್ರಿ. ಹದಿನೈದು ಮಂದಿ ಹಗ್ಗದ ಮ್ಯಾಲೆ ಅತ್ತಿಗಿ ಕುಂತಿದ್ಲು. ಹದಿನಾರನೇದು ನಂದು. ಅಷ್ಟ ಅಂದೆ."

ಕೊಟ್ರಯ್ಯನ ಮೇಲೆ ಯಾರೂ ತಪ್ಪು ಹೊರಿಸುವುದಿಲ್ಲ. ಅವನೂ ಹೊತ್ತುಕೊಳ್ಳುವುದಿಲ್ಲ. "ಬೀಸು ಅಂದ್ರು, ಬೀಸಿದೆ. ನನ್ನ ಗಿರಣಿಗೆ ಮೆಣಸಿನಕಾಯಿನೂ ಒಂದ, ಚಿಪ್ಪೂ ಒಂದ" ಎನ್ನುತ್ತಾನೆ. ಆಮೇಲೆ ತುಸು ದನಿ ತಗ್ಗಿಸಿ, "ಆದ್ರ ಆ ವರ್ಷ ತಟ್ಟಿ ಭಾಳ ಸವದಿತ್ರಿ. ಸವದ ಕಬ್ಬಣ ಎಲ್ಲಿ ಹೋತು ಅಂತ ನಾನೂ ಕೇಳಲಿಲ್ಲ" ಎಂದು ಸೇರಿಸುತ್ತಾನೆ.

ಕೊಳೆಯದೆ ಉಳಿದ ಆ ಆರು ಬಲೆಗಳನ್ನು ಕೇರಿ ಸರದಿಗೆ ಹಚ್ಚಿತು. ಮನೆಗೆ ವಾರಕ್ಕೊಂದು ದಿನವೂ ಸರದಿ ಬರಲಿಲ್ಲ. "ನನ್ನ ಬಲಿ ನನಗ ಸಿಗೋದ್ರಾಗ ಸಂಕ್ರಾಂತಿ ಬಂತು" ಎನ್ನುತ್ತಾನೆ ಉಚ್ಚೆಂಗಪ್ಪ. ಗಂಡಸರು ಕಬ್ಬಿನ ಗದ್ದೆಗಳಿಗೆ, ಅಕ್ಕಿ ಗಿರಣಿಗಳಿಗೆ ಕೂಲಿ ಹೋದರು. ಹೆಂಗಸರು ಹೊಲಹೊಲ ತಿರುಗಿ ಕೊಯ್ಲು ಮುಗಿದ ಗಿಡಗಳಲ್ಲಿ ಉಳಿದ ಹತ್ತಿ ಆರಿಸಿ ತಂದರು. ಮನೆಮನೆಯಲ್ಲಿ ರಾಟೆ ತಿರುಗಿತು. ಚಳಿಗಾಲವಿಡೀ ನೂತು, ಬೇಸಿಗೆಯ ಹೊತ್ತಿಗೆ ಮೂವತ್ತೆಂಟು ಬಲೆಗೆ ಬೇಕಾದಷ್ಟು ನೂಲು ಮಾಡಿದರು. ಉಚ್ಚೆಂಗಪ್ಪ ಮತ್ತು ಇನ್ನಿಬ್ಬರು ಹೆಣೆದರು. ಯುಗಾದಿಯ ಮಾರನೆಯ ದಿನ ಕೇರಿಯ ಹಿರಿಯರು ದುರುಗವ್ವನ ಮನೆಗೆ ಬಂದು ನಿಂತರು.

ಆಕೆ ಒಂದೇ ಷರತ್ತು ಹಾಕಿದಳು. ದಂಡೆಯ ಮೇಲೆ ಬಲೆ ಹಾಸಿದಾಗ ಬಣ್ಣ ನೋಡಬಾರದು. ಪ್ರತಿಯೊಂದು ಬಲೆಯ ಒಂದು ನೂಲು ಬಿಚ್ಚಿ ಒಳಗಿನ ಎಳೆ ನೋಡಬೇಕು. ಬಿಚ್ಚುವವಳು ತಾನು. ಹೆಂಗಸರು ಆ ದಿನ ದಂಡೆಗೆ ಹೋಗುವ ರೂಢಿ ಇಲ್ಲ.

"ರೂಢಿ ಬಿಟ್ರ ಆದೀತು, ನೂಲು ಬಿಟ್ರ ಆಗಂಗಿಲ್ಲ" ಎಂದು ಮೊದಲು ಒಪ್ಪಿದವನು ಮರಿಸ್ವಾಮಿ.

ಕಲಿಯಲು ಇಬ್ಬರು ಹೆಂಗಸರು ಬರುತ್ತಿದ್ದಾರೆ. ಅವರ ಕೈಯಲ್ಲಿ ಚಿಪ್ಪು ಇನ್ನೂ ಒಡೆಯುತ್ತದೆ. ಮುದುಕಮ್ಮ ಕಟ್ಟೆಯ ಮೇಲಿಂದಲೇ, ಕಣ್ಣು ಕಾಣದೆ, ಸದ್ದು ಎಣಿಸುತ್ತಾಳೆ: "ಟಕ್ ಅಂತು. ಮತ್ತ ಟಕ್ ಅಂತು. ಯವ್ವಾ, ನೀ ಚಿಪ್ಪು ಬೀಸ್ತೀಯೋ ಅತ್ತಿ ತಲಿ ಬೀಸ್ತೀಯೋ?" ಒಡೆದ ಪುಡಿಯನ್ನು ದುರುಗವ್ವ ಬೈಯದೆ ಒಲೆಗೆ ಸುರಿಯುತ್ತಾಳೆ. ಕಲಿತ ಮೇಲೆ ಮೂವರು ಸರದಿಯಲ್ಲಿ ಬೀಸಿದರೆ ಈಗ ಹಿಡಿಯುವುದರ ಅರ್ಧದಷ್ಟು ದಿನಗಳು ಸಾಕು. ಈ ವರ್ಷ ಅದು ಆಗುವುದಿಲ್ಲ. ಉಳಿದ ಹದಿನೈದು ಬಲೆಯ ಪುಡಿ ಆಕೆಯೇ ಮಾಡಬೇಕು. ಬಲಗೈಯ ಮಣಿಕಟ್ಟು ಊದಿದೆ. ಬೇವಿನ ಎಲೆ ಕಾಯಿಸಿ ಕಟ್ಟಿಕೊಂಡಿದ್ದಾಳೆ.

ಒಂದು ದಿನ ಬಿಡಬಾರದೇ ಎಂದರೆ, "ಹೊಳಿ ನನ್ನ ಸಲುವಾಗಿ ಒಂದಿನ ತಡದು ಬರ್ತದೇನ್ರಿ?" ಎನ್ನುತ್ತಾಳೆ. ಕೈ ನಿಲ್ಲುವುದಿಲ್ಲ.

ನಿನಗೇನು ಬೇಕು ಎಂದು ಕೇಳಿದ್ದಕ್ಕೆ ಯೋಚಿಸಿ ಉತ್ತರ ಕೊಟ್ಟಳು. "ಹಂಪಿ ಕಲ್ಲಿಂದು ಒಂದು ಜೋಡಿ ಬೀಸುಕಲ್ಲು. ನಂದು ಅನ್ನೋದು. ಮುದುಕಮ್ಮಂದು ಸವದೈತಿ, ಇನ್ನ ಎರಡು ವರ್ಷ ಬರ್ತದ. ಹೊಸಾ ಕಲ್ಲು ಪಳಗಾಕ ಒಂದು ವರ್ಷ ಬೇಕು. ಹಂಗಾಗಿ ಈಗ ತರಬೇಕು." ಮತ್ತೆ ನಾಲ್ಕು ಸುತ್ತು ಬೀಸಿ, "ಬ್ಯಾರೆ ಏನೂ ಬ್ಯಾಡ್ರಿ" ಎಂದಳು.

ಬಿಸಿಲು ಅಂಗಳಕ್ಕೆ ಇಳಿಯುತ್ತಿದೆ. ಮೂರನೆಯ ಸೇರು ತುಂಬಿದೆ. ದುರುಗವ್ವ ಕೊನೆಯ ಚಿಟಿಕೆಯನ್ನು ನಾಲಿಗೆಯ ಮೇಲಿಡುತ್ತಾಳೆ, ಕಣ್ಣು ಮುಚ್ಚಿ ಕಾಯುತ್ತಾಳೆ, ಉಗುಳುತ್ತಾಳೆ, ತಲೆಯಾಡಿಸುತ್ತಾಳೆ. ಪುಡಿ ಬಾನಿಗೆ ಹೋಗುತ್ತದೆ. ಬಾನಿಯ ಹಿಂದಿನ ಗೋಡೆಯಲ್ಲಿ ಒಂದು ಗೂಟಕ್ಕೆ ಮರಿಸ್ವಾಮಿಯ ಹಗ್ಗದ ತುಂಡು ನೇತು ಬಿದ್ದಿದೆ. ಕಲಿಯಲು ಬಂದವರಿಗೆ ಮೊದಲ ದಿನ ಅದನ್ನು ಮುಟ್ಟಿಸುತ್ತಾಳೆ. ಹೋದ ವರ್ಷ ಏನೇನು ಹೋಯಿತು ಎಂದು ತನ್ನ ಬಾಯಿಂದಲೇ ಹೇಳುತ್ತಾಳೆ. ದನಿ ಏರುವುದಿಲ್ಲ, ಬೆರಳು ಮಡಚುತ್ತ ಎಣಿಸುತ್ತಾಳೆ.

"ಬಲಿ ಮೂವತ್ತೆಂಟು. ಹಗ್ಗ ಒಂದು. ಹರಿಗೋಲು ಒಂದು. ಮನಷ್ಯಾರು ಒಬ್ಬರೂ ಇಲ್ಲ."